ಕಣಜವಾ, ಜೇನಾ, ಇರುವೆಯಾ? ಮೊಬೈಲ್ ಫೋಟೋದಿಂದ ಗುರುತು ಹಿಡಿಯುವ ಕ್ರಮ

ಕಳೆದ ಮಳೆಗಾಲ ಮುಗಿಯುವ ಹೊತ್ತಿಗೆ ಅಪ್ಪಚ್ಚಿ (ಚಿಕ್ಕಪ್ಪ) ಪೆರ್ಲದಿಂದ ಒಂದು ಫೋಟೋ ಕಳಿಸಿದರು. ತುಂಬೆ ಹೂವಿನ ಮೇಲೆ ಹಳದಿ, ಕಪ್ಪು ಪಟ್ಟೆಯ ಒಂದು ಹುಳ. ಕೆಳಗೆ ಒಂದೇ ಸಾಲು: "ಇದು ಎಂತ ಜೇನು ಮಾರಾಯ?"

"ಅಪ್ಪಚ್ಚಿ, ಇದು ಜೇನಲ್ಲ, ನೊಣ" ಅಂದೆ. ಅವರು ನಂಬಲಿಲ್ಲ. ಫೋಟೋ ದೊಡ್ಡದು ಮಾಡಿ ರೆಕ್ಕೆ ಎಣಿಸಿ ಅಂದೆ. ಐದು ನಿಮಿಷ ಬಿಟ್ಟು ಉತ್ತರ ಬಂತು: "ಎರಡೇ ಉಂಟಲ್ಲ!"

ಅಲ್ಲಿಂದ ಶುರು. ಈಗ ಮನೆಯವರು, ನೆಂಟರು, ಶಾಲೆಯ ಮಕ್ಕಳು ಎಲ್ಲರೂ ಫೋಟೋ ಕಳಿಸುತ್ತಾರೆ. ನೂರಾರು ಫೋಟೋ ನೋಡಿದ ಮೇಲೆ ಒಂದು ಮಾತು ನನಗೆ ಖಾತ್ರಿಯಾಗಿದೆ. ಎಲ್ಲರೂ ಮೊದಲು ಬಣ್ಣ ನೋಡುತ್ತಾರೆ, ಮೋಸ ಹೋಗುವುದೂ ಅಲ್ಲೇ. ಬಣ್ಣ ಕೊನೆಗೆ ನೋಡಬೇಕಾದದ್ದು. ಮೊದಲು ರೆಕ್ಕೆ, ಸೊಂಟ, ಕುಡಿಮೀಸೆ (ತಲೆಯ ಮೇಲಿನ ಎರಡು ಮೀಸೆ), ಹಿಂಗಾಲು. ಈ ನಾಲ್ಕು ಫೋಟೋದಲ್ಲಿ ಸರಿಯಾಗಿ ಕಂಡರೆ ನಮ್ಮ ಕಾಸರಗೋಡಿನ ತೋಟ, ಅಂಗಳದಲ್ಲಿ ಸಿಗುವ ಹೆಚ್ಚಿನ ಕಣಜ, ಜೇನು, ಇರುವೆಗಳನ್ನು ಯಾವ ಗುಂಪಿನದು ಎನ್ನುವಷ್ಟಾದರೂ ನೀವೇ ಗುರುತಿಸಬಹುದು.

ಮೊದಲು ಫೋಟೋ

ಒಳ್ಳೆಯ ಕ್ಯಾಮೆರಾ ಬೇಕೇ ಬೇಕು ಅಂತಿಲ್ಲ. ಆದರೆ ಹುಳದ ಹತ್ತಿರ ಫೋನನ್ನು ಒತ್ತಿ ಹಿಡಿದರೆ ಫೋಕಸ್ ಸಿಗುವುದಿಲ್ಲ. ಒಂದು ಗೇಣಿನಷ್ಟು ದೂರ ನಿಲ್ಲಿ. ಪರದೆಯಲ್ಲಿ ಹುಳದ ಮೇಲೆ ಬೆರಳು ಒತ್ತಿ ಹಿಡಿದು ಫೋಕಸ್ ಲಾಕ್ ಮಾಡಿ. ಆಮೇಲೆ ಒಂದೇ ಸಮನೆ ಹತ್ತು ಹದಿನೈದು ಫೋಟೋ ಹೊಡೆಯಿರಿ. ಝೂಮ್ ಎಳೆಯಬೇಡಿ, ಬೇಕಾದರೆ ನಂತರ ಕತ್ತರಿಸಿ. ಸಿಕ್ಕಿಸುವ ಮ್ಯಾಕ್ರೋ ಲೆನ್ಸ್ ಇದ್ದರೆ ಇರುವೆಗೆ ತುಂಬ ಉಪಯೋಗ. ಆದರೆ ಅದಕ್ಕೆ ಹುಳದಿಂದ ಎರಡು ಮೂರು ಬೆರಳಿನಷ್ಟು ಹತ್ತಿರ ಹೋಗಬೇಕು, ಹಾಗಾಗಿ ಕಚ್ಚುವ ಕಣಜಕ್ಕೆ ಅದು ಬೇಡ.

ಅಡಕೆ ತೋಟದೊಳಗೆ ಬೆಳಕು ಕಡಿಮೆ. ಒಂದು ಬಿಳಿ ಕಾಗದವನ್ನು ಪಕ್ಕದಲ್ಲಿ ಹಿಡಿದರೆ ಹುಳದ ಹೊಟ್ಟೆಯ ಭಾಗಕ್ಕೂ ಬೆಳಕು ಬೀಳುತ್ತದೆ. ಬೆಳಗ್ಗೆ ಏಳು ಗಂಟೆಯೊಳಗೆ ಹೋದರೆ ಇನ್ನೂ ಒಳ್ಳೆಯದು. ಇಬ್ಬನಿ ಇರುವಾಗ ಹುಳಗಳು ಮೆಲ್ಲಗಿರುತ್ತವೆ.

ಕನಿಷ್ಠ ಮೂರು ಕೋನ ಬೇಕು. ಮೇಲಿಂದ ಒಂದು, ಪಕ್ಕದಿಂದ ಒಂದು, ಮುಖದ ಕಡೆಯಿಂದ ಒಂದು. ಒಂದೇ ಸಿಗುವುದಾದರೆ ಪಕ್ಕದ್ದು ಆರಿಸಿ. ಸೊಂಟ ಕಾಣುವುದು ಪಕ್ಕದಿಂದಲೇ.

ಅಳತೆ ಮರೆಯಬೇಡಿ. ಹುಳ ಹಾರಿಹೋದ ಮೇಲೆ ಅದು ಕೂತಿದ್ದ ಎಲೆಯ ಮೇಲೆ ಒಂದು ರೂಪಾಯಿ ನಾಣ್ಯ ಇಟ್ಟು ಇನ್ನೊಂದು ಫೋಟೋ ತೆಗೆಯಿರಿ. 2011ರ ನಂತರದ ನಾಣ್ಯದ ಅಡ್ಡಳತೆ ಸುಮಾರು 22 ಮಿ.ಮೀ. "ಸಣ್ಣದು", "ದೊಡ್ಡದು" ಎಂದರೆ ಒಬ್ಬೊಬ್ಬರಿಗೆ ಒಂದೊಂದು ಲೆಕ್ಕ.

ವಾಟ್ಸಾಪ್‌ನಲ್ಲಿ ಸುಮ್ನೆ ಫೋಟೋ ಕಳಿಸಿದರೆ ಅದು ಕುಗ್ಗುತ್ತದೆ, ತೆಗೆದ ಜಾಗ, ಸಮಯದ ವಿವರವೂ ಹೋಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಿ.

ಒಂದು ಎಚ್ಚರಿಕೆ. ಹೆಜ್ಜೇನಿನ ತಟ್ಟಿ, ದೊಡ್ಡ ಕಣಜದ ಗೂಡು ಕಂಡರೆ ದೂರದಿಂದಲೇ ತೆಗೆಯಿರಿ, ಫ್ಲ್ಯಾಷ್ ಹಾಕಬೇಡಿ. ಗೂಡಿನ ಫೋಟೋಕ್ಕಿಂತ ದೂರದ ಹೂವಿಗೆ ಬಂದ ಒಂಟಿ ಹುಳದ ಫೋಟೋ ಗುರುತಿಗೆ ಜಾಸ್ತಿ ಉಪಯೋಗ. ಜೇನು ಕುಟ್ಟಿದರೆ ಮುಳ್ಳನ್ನು ಕೂಡಲೇ ಉಗುರಿನಿಂದ ಕೆರೆದು ತೆಗೆಯಿರಿ. ಉಸಿರು ಕಟ್ಟಿದಂತಾದರೆ, ಮುಖ ಊದಿದರೆ ತಡ ಮಾಡದೆ ಆಸ್ಪತ್ರೆಗೆ ಹೋಗಿ.

ವೇಷ ಹಾಕಿದವರನ್ನು ಬದಿಗಿಡಿ

ಜೇನು, ಕಣಜ, ಇರುವೆ, ಗರಗಸ ನೊಣ ಇವೆಲ್ಲ ಒಂದೇ ಕುಲ. ರೆಕ್ಕೆ ಇದ್ದರೆ ನಾಲ್ಕು. ಆದರೆ ಹಿಂದಿನ ರೆಕ್ಕೆಯ ಅಂಚಿನಲ್ಲಿ ಸಣ್ಣ ಸಣ್ಣ ಕೊಕ್ಕೆಗಳಿದ್ದು ಮುಂದಿನ ರೆಕ್ಕೆಗೆ ಸಿಕ್ಕಿಕೊಳ್ಳುತ್ತವೆ. ಹಾಗಾಗಿ ಫೋಟೋದಲ್ಲಿ ಎಷ್ಟೋ ಸಲ ಎರಡೇ ಇದ್ದಂತೆ ಕಾಣುತ್ತದೆ. ರೆಕ್ಕೆ ಎಣಿಸಿ ಸಂಶಯ ಬಂದರೆ ಮುಖ ನೋಡಿ. ನೊಣದ ಕುಡಿಮೀಸೆ ಬಹಳ ಗಿಡ್ಡ, ಕಣ್ಣು ಮುಖ ತುಂಬ. ಅಪ್ಪಚ್ಚಿಯ ಹುಳ ಹೂನೊಣ. ಗಾಳಿಯಲ್ಲಿ ಒಂದೇ ಕಡೆ ನಿಂತು ಹಾರುವ ಜಾತಿ. ಮೈ ಬಣ್ಣ ಪೂರಾ ಕಣಜದ್ದು, ಆದರೆ ಕುಟ್ಟುವ ಮುಳ್ಳೇ ಇಲ್ಲ.

ಇನ್ನೊಂದು ವೇಷ ಕಣಜ ಪತಂಗದ್ದು. ಕಪ್ಪು ರೆಕ್ಕೆಯಲ್ಲಿ ಗಾಜಿನಂಥ ಕಿಟಕಿಗಳು, ಹೊಟ್ಟೆಗೆ ಹಳದಿ ಅಥವಾ ಕೆಂಪು ಪಟ್ಟಿ. ರೆಕ್ಕೆಯ ಮೇಲೆ ಪುಡಿಯಂಥ ಪೊರೆ ಕಂಡರೆ ಅದು ಪತಂಗವೇ.

ಚಗಳಿ ಇರುವೆಯ ವೇಷ ಹಾಕುವ ಜೇಡ ನನಗೆ ಎಲ್ಲಕ್ಕಿಂತ ಇಷ್ಟ. ಗೇರು ಮರದ ಎಲೆಯ ಮೇಲೆ ಚಗಳಿಯ ಸಾಲಿನ ಪಕ್ಕದಲ್ಲೇ ಓಡಾಡುತ್ತದೆ. ಅದೇ ಕೆಂಪು, ಅದೇ ಉದ್ದ ಮೈ. ಮುಂದಿನ ಎರಡು ಕಾಲನ್ನು ಎತ್ತಿ ಕುಡಿಮೀಸೆಯಂತೆ ಆಡಿಸುತ್ತದೆ. ಕಾಲು ಎಣಿಸಿದರೆ ಗುಟ್ಟು ಬಯಲು: ಎತ್ತಿದ್ದೂ ಸೇರಿ ಎಂಟು. ಇರುವೆಗೆ ಆರು ಕಾಲು, ಬೇರೆಯೇ ಎರಡು ಕುಡಿಮೀಸೆ.

ಮೊದಲ ಮಳೆಗೆ ದೀಪಕ್ಕೆ ಬರುವ ರೆಕ್ಕೆಹುಳಗಳಲ್ಲಿ ಗೆದ್ದಲೂ ಇರುತ್ತದೆ, ಇರುವೆಯೂ ಇರುತ್ತದೆ. ಗೆದ್ದಲಿನ ನಾಲ್ಕು ರೆಕ್ಕೆಯೂ ಒಂದೇ ಉದ್ದ, ಸೊಂಟ ಇಲ್ಲ, ಕುಡಿಮೀಸೆ ಮಣಿಸರದಂತೆ ನೇರ. ಇರುವೆಯ ಮುಂದಿನ ರೆಕ್ಕೆ ಉದ್ದ, ಹಿಂದಿನದು ಗಿಡ್ಡ, ಸೊಂಟ ಸಪೂರ.

ಸೊಂಟ ಇಲ್ಲದವು: ಗರಗಸ ನೊಣ

ಹೆಸರು ನೊಣ, ಆದರೆ ನೊಣ ಅಲ್ಲ. ನಾಲ್ಕು ರೆಕ್ಕೆ ಇದ್ದು, ಎದೆಯೂ ಹೊಟ್ಟೆಯೂ ನಡುವೆ ಸಪೂರವಾಗದೆ ಒಂದೇ ದಪ್ಪಕ್ಕೆ ಕೂಡಿಕೊಂಡಿದ್ದರೆ ಗರಗಸ ನೊಣ. ಹೆಣ್ಣಿನ ಹೊಟ್ಟೆಯ ತುದಿಯಲ್ಲಿ ಗರಗಸದಂಥ ಅಂಗ ಇರುತ್ತದೆ, ಅದರಿಂದ ಎಲೆಯ ಅಂಚನ್ನು ಸೀಳಿ ಮೊಟ್ಟೆ ಇಡುತ್ತದೆ. ನಮ್ಮಲ್ಲಿ ಇವು ಅಷ್ಟು ಸಿಗುವುದಿಲ್ಲ. ಸಿಕ್ಕರೆ ಹೆಚ್ಚಾಗಿ ಮೂಲಂಗಿ, ಸಾಸಿವೆ ಗಿಡದಲ್ಲಿ. ಕಿತ್ತಳೆ ಬಣ್ಣದ ಮೈ, ಕಪ್ಪು ತಲೆ, ಹೊಗೆ ಹಿಡಿದಂಥ ರೆಕ್ಕೆ.

ಮರಿಯ ಫೋಟೋ ಬಂದರೆ ಗುರುತು ಇನ್ನೂ ಸುಲಭ. ನೋಡಲಿಕ್ಕೆ ಕಂಬಳಿಹುಳದ ಹಾಗೇ, ಆದರೆ ಹೊಟ್ಟೆಯಡಿಯ ಮೆತ್ತನೆ ಕಾಲು ಎಣಿಸಿ. ಚಿಟ್ಟೆ, ಪತಂಗದ ಮರಿಗೆ ಹೆಚ್ಚೆಂದರೆ ಐದು ಜೊತೆ. ಗರಗಸ ನೊಣದ ಮರಿಗೆ ಆರು ಅಥವಾ ಹೆಚ್ಚು, ಸಾಸಿವೆಯದಕ್ಕೆ ಎಂಟು ಜೊತೆ. ಹಾಗಾಗಿ ಎಲೆ ಅಡಿಮೇಲು ಮಾಡಿ ಪಕ್ಕದಿಂದ ಒಂದು ಫೋಟೋ ತೆಗೆಯಿರಿ.

ಇರುವೆ: ಸೊಂಟದ ಗಂಟು ಎಣಿಸಿ

ಇರುವೆಯ ಸೊಂಟದಲ್ಲಿ ಒಂದು ಅಥವಾ ಎರಡು ಗಂಟು ಎದ್ದು ನಿಂತಿರುತ್ತದೆ. ಕುಡಿಮೀಸೆ ನಮ್ಮ ಮೊಣಕೈ ಹಾಗೆ ಮಡಚಿರುತ್ತದೆ, ಮೊದಲ ತುಂಡು ಉದ್ದ. ಈ ಎರಡೂ ಇದ್ದರೆ ರೆಕ್ಕೆ ಇದ್ದರೂ ಅದು ಇರುವೆ. ಹಸಿರು ಬಣ್ಣದ, ರೆಕ್ಕೆ ಇರುವ ದೊಡ್ಡ ಹುಳವನ್ನು "ಹಸಿರು ಕಣಜ" ಎಂದು ಕಳಿಸುವವರು ಪ್ರತಿ ವರ್ಷ ಇದ್ದಾರೆ. ಗಂಟು ನೋಡಿ. ಅದು ಚಗಳಿಯ ರಾಣಿ.

ಒಂದೇ ಗಂಟು ಇದ್ದರೆ ಚಗಳಿ, ಕಪ್ಪು ಗೊದ್ದ, ಅಂಗಳದ ಮಣ್ಣಿನಲ್ಲಿ ಗೂಡು ಮಾಡುವ ಡಯಾಕಮ್ಮ ಇವುಗಳ ಕಡೆ ಹೋಗಿ. ಡಯಾಕಮ್ಮಕ್ಕೆ ನಾನು ಮರುಳು. ಬೂದುಗಪ್ಪು ಮೈ. ಮ್ಯಾಕ್ರೋದಲ್ಲಿ ನೋಡಿದರೆ ಮೈ ತುಂಬ ಹೆಬ್ಬೆಟ್ಟಿನ ಗುರುತಿನಂಥ ಗೆರೆಗಳು, ಸೊಂಟದ ಗಂಟಿನ ಮೇಲೆ ಎರಡು ಮುಳ್ಳು. ಗೂಡಿನ ಬಾಯಿಗೆ ಹಕ್ಕಿ ಗರಿ, ಒಣ ಹೂವಿನ ಎಸಳು ತಂದು ಸುತ್ತಲೂ ಇಟ್ಟಿರುತ್ತದೆ. ಗೂಡಿನ ಬಾಯಿಯ ಫೋಟೋ ಇದ್ದರೆ ಅರ್ಧ ಗುರುತು ಆಗಿ ಹೋಯಿತು. ಮೇಲಕ್ಕೆ ಬಾಗಿದ ಉದ್ದ ದವಡೆ, ದೊಡ್ಡ ಕಣ್ಣು, ಹತ್ತಿರ ಹೋದರೆ ಜಿಗಿಯುವುದಾದರೆ ಅದು ಜೆರ್ಡನ್‌ನ ಜಿಗಿಯುವ ಇರುವೆ.

ಎರಡು ಗಂಟು ಇದ್ದು, ಉದ್ದ ಸಪೂರ ಮೈ, ಎದೆ ಕೆಂಪು, ತಲೆ ಮತ್ತು ಹೊಟ್ಟೆ ಕಪ್ಪು ಇದ್ದರೆ ಮರದಲ್ಲಿರುವ ಟೆಟ್ರಾಪೊನೆರ. ಕಚ್ಚಿದರೆ ಕಣಜಕ್ಕೆ ಸಮ. ಹೊಟ್ಟೆ ಹೃದಯದ ಆಕಾರದಲ್ಲಿದ್ದು, ಅದನ್ನು ಬೆನ್ನಿನ ಮೇಲೆ ಎತ್ತಿ ಹಿಡಿದರೆ ಕ್ರೆಮಟೊಗ್ಯಾಸ್ಟರ್. ಮರದಲ್ಲಿ ಗೋಪುರದಂಥ ಕಂದು ಗೂಡು ಕಟ್ಟುವುದು ಈ ಗುಂಪಿನ ಇರುವೆಗಳೇ.

ಮೈಯೆಲ್ಲ ಕೂದಲು, ಬಿಳಿ ಚುಕ್ಕೆ, ನೆಲದಲ್ಲಿ ಓಟ, ಸೊಂಟದಲ್ಲಿ ಎದ್ದ ಗಂಟು ಇಲ್ಲ, ಕುಡಿಮೀಸೆ ಮೊಣಕೈಯಂತೆ ಮಡಚಿಲ್ಲ. ಅದು ಇರುವೆಯಲ್ಲ, ರೆಕ್ಕೆ ಇಲ್ಲದ ಹೆಣ್ಣು ಕಣಜ. ಮಖಮಲ್ ಇರುವೆ ಎಂಬ ಹೆಸರೇ ಜನರನ್ನು ದಾರಿ ತಪ್ಪಿಸುತ್ತದೆ. ಮುಟ್ಟಬೇಡಿ.

ಜೇನು: ಹೂಪುಡಿ ಎಲ್ಲಿದೆ?

ಜೇನಿನ ಗುರುತು ಕೂದಲು ಮತ್ತು ಹೂಪುಡಿ. ಜೇನಿನ ಕೂದಲಿಗೆ ಗರಿಯಂತೆ ಕವಲುಗಳಿರುತ್ತವೆ, ಪುಡಿ ಅಂಟುವುದು ಅದಕ್ಕೇ. ಕಣಜದ ಮೈ ಹೆಚ್ಚಾಗಿ ನುಣುಪು, ಕೂದಲು ಇದ್ದರೂ ಕವಲಿಲ್ಲ. ಪುಡಿ ಎಲ್ಲಿ ಹೊತ್ತಿದೆ ಎಂದು ನೋಡಿದರೆ ಗುಂಪೂ ತಿಳಿಯುತ್ತದೆ. ಹಿಂಗಾಲಿನಲ್ಲಿ ಒದ್ದೆ ಉಂಡೆ ಕಟ್ಟಿದ್ದರೆ ಗೂಡುಜೇನು ಅಥವಾ ಮುಜಂಟಿ ಎಂಬ ಪುಟ್ಟ ಕಪ್ಪು ಜೇನು. ಹಿಂಗಾಲಿನ ಕೂದಲಿಗೆ ಒಣ ಪುಡಿ ಮೆತ್ತಿದ್ದರೆ ನೀಲಿ ಪಟ್ಟೆಯ ಜೇನಿನಂಥವು. ಹೊಟ್ಟೆಯ ಅಡಿಗೆ ಪುಡಿ ಬಳಿದುಕೊಂಡಿದ್ದರೆ ಎಲೆ ಕತ್ತರಿಸುವ ಜೇನು. ಗುಲಾಬಿ ಎಲೆಯಲ್ಲಿ ನಾಣ್ಯ ಇಟ್ಟು ಕತ್ತರಿಸಿದಂಥ ದುಂಡು ತೂತು ಕಂಡರೆ ಕೆಲಸ ಅದರದ್ದೇ.

ಗೂಡುಜೇನಿನಲ್ಲಿ ಮೂರು ಹೆಸರು ನಮಗೆಲ್ಲ ಗೊತ್ತು. ಹೆಜ್ಜೇನು 17ರಿಂದ 20 ಮಿ.ಮೀ., ರೆಕ್ಕೆಗೆ ಹೊಗೆಬಣ್ಣ, ಬಯಲಲ್ಲಿ ಒಂದೇ ದೊಡ್ಡ ತಟ್ಟಿ. ತುಡುವೆ ಅದಕ್ಕಿಂತ ಸಣ್ಣದು, ಪೊಟರೆಯೊಳಗೆ ಹಲವು ತಟ್ಟಿ. ಕೋಲುಜೇನು ಇನ್ನೂ ಸಣ್ಣದು, ಹೊಟ್ಟೆಯ ಮೊದಲ ಭಾಗ ಕೆಂಪುಕಂದು, ಒಂದು ಕಡ್ಡಿಗೆ ಸುತ್ತಿದ ಒಂದೇ ತಟ್ಟಿ. ಮೂರಕ್ಕೂ ಮುಂದಿನ ರೆಕ್ಕೆಯ ಅಂಚಿನಲ್ಲಿ ಬೆರಳಿನಂಥ ಉದ್ದ ಕೋಣೆ ಇರುತ್ತದೆ, ಮ್ಯಾಕ್ರೋದಲ್ಲಿ ಕಣ್ಣಿನ ಮೇಲೂ ಕೂದಲು ಕಾಣುತ್ತದೆ.

ಮುಜಂಟಿ 4 ಮಿ.ಮೀ. ಆಸುಪಾಸು. ಮಲಯಾಳದಲ್ಲಿ ಚೆರುತೇನ್. ಅಡಕೆಯ ಹಿಂಗಾರದಲ್ಲಿ ಮುತ್ತಿಕೊಳ್ಳುವ ಈ ಕಪ್ಪು ಹುಳವನ್ನು ನೊರಜು ಎಂದು ಬಿಟ್ಟುಬಿಡುವವರೇ ಹೆಚ್ಚು. ರೆಕ್ಕೆ ನೋಡಿ, ನರ ಇಲ್ಲವೆನ್ನುವಷ್ಟು ಕಡಿಮೆ. ಮುರಕಲ್ಲಿನ ಗೋಡೆಯ ಸಂದಿಯಿಂದ ಮೇಣದ ಸಣ್ಣ ಕೊಳವೆ ಹೊರಗೆ ಬಂದಿದ್ದರೆ ಅದರ ಮನೆ.

ದಪ್ಪ ಕಪ್ಪು ದುಂಬಿಯ ಫೋಟೋ ಹಾಕಿದರೆ ಹುಳ ಗುರುತಿಸುವ ಕೆಲವು ಆಪ್‌ಗಳು "ಬಂಬಲ್ ಬೀ" ಎನ್ನುತ್ತವೆ. ಬಂಬಲ್ ಬೀ ಮುಖ್ಯವಾಗಿ ಹಿಮಾಲಯದಂಥ ತಂಪು ಜಾಗದ್ದು. ನಮ್ಮಲ್ಲಿ ಮಾಡಿನ ಮರದ ಪಕ್ಕಾಸು, ಒಣ ಬಿದಿರು ಕೊರೆಯುವುದು ಬಡಗಿ ದುಂಬಿ. ಹೊಟ್ಟೆಯ ಮೇಲ್ಭಾಗ ಬೋಳು, ಹೊಳಪು. ಬಂಬಲ್ ಬೀಯ ಹೊಟ್ಟೆ ಕೂದಲಿನಿಂದ ತುಂಬಿರುತ್ತದೆ.

ನೀಲಿ ಪಟ್ಟೆಯ ಜೇನನ್ನು ನೋಡಬೇಕೆಂದರೆ ತುಳಸಿಕಟ್ಟೆಯ ಹತ್ತಿರ ನಿಲ್ಲಿ. ಸಂಜೆ ಇದರ ಗಂಡುಗಳು ಒಂದು ಒಣ ಕಡ್ಡಿಯನ್ನು ದವಡೆಯಿಂದ ಕಚ್ಚಿ ಹಿಡಿದು, ಸಾಲಾಗಿ ಜೋತುಕೊಂಡು ನಿದ್ದೆ ಮಾಡುತ್ತವೆ. ಫೋಟೋಕ್ಕೆ ಇದಕ್ಕಿಂತ ಒಳ್ಳೆಯ ಹೊತ್ತಿಲ್ಲ. ಅದೇ ಜಾಗದಲ್ಲಿ ಪಟ್ಟೆಯ ಬದಲು ನೀಲಿ ಚುಕ್ಕೆಯ, ಹೂಪುಡಿಯೇ ಹೊರದ ಜೇನು ಕಂಡರೆ ಅದು ಕೋಗಿಲೆ ಜೇನು. ನೀಲಿ ಪಟ್ಟೆಯದರ ಗೂಡಿನಲ್ಲಿ ಕದ್ದು ಮೊಟ್ಟೆ ಇಡುತ್ತದೆ.

ಕಣಜ: ಇಲ್ಲಿ ನಿಧಾನ ಬೇಕು

ಮಲಯಾಳದ ಕಡನ್ನಲ್, ನಮ್ಮ ಕಣಜ, ಎರಡೂ ಒಂದೇ ಹೆಸರಿನಲ್ಲಿ ನೂರು ಜಾತಿ ಮುಚ್ಚಿಡುತ್ತವೆ. ಮೊದಲು ಕೂತಾಗಿನ ರೆಕ್ಕೆ ನೋಡಿ. ಉದ್ದಕ್ಕೆ ಮಡಚಿ ಪಟ್ಟಿಯಂತೆ ಸಪೂರ ಮಾಡಿದ್ದರೆ ಕಾಗದದ ಗೂಡಿನವು, ಹೆಗ್ಗಣಜ, ಮಡಕೆ ಕಣಜ ಇವುಗಳ ಮನೆತನ. ಮಡಚದೆ ಚಪ್ಪಟೆಯಾಗಿ ಇಟ್ಟಿದ್ದರೆ ಬೇರೆ.

ಮಡಚಿದ್ದರಲ್ಲಿ, ಮಾಡಿನಡಿ ತೆರೆದ ಗೂಡಿನಲ್ಲಿ ಗುಂಪಾಗಿರುವ ಸಣ್ಣ ಕಂದುಗೆಂಪು ಕಣಜ, ಹೊಟ್ಟೆಯ ಮೊದಲ ಭಾಗ ಕಾವಿನಂತೆ ಸಪೂರ, ಹೊಟ್ಟೆಗೆ ಹಳದಿ ಗೆರೆ ಇದ್ದರೆ ರೊಪಲಿಡಿಯ ಎಂದು ಯೋಚಿಸಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರಾಘವೇಂದ್ರ ಗದಗ್ಕರ್ ಅವರು ದಶಕಗಳ ಕಾಲ ಅಭ್ಯಾಸ ಮಾಡಿದ್ದು ಇದರದೇ ಒಂದು ಜಾತಿಯನ್ನು. ಒಂದೊಂದು ಕಣಜಕ್ಕೂ ಬಣ್ಣದ ಚುಕ್ಕೆ ಇಟ್ಟು, ಯಾರು ರಾಣಿ, ಯಾರು ಕೆಲಸದವರು ಎಂದು ಬರೆದರು. ನಮ್ಮ ಕೊಟ್ಟಿಗೆಯ ಮಾಡಿನಡಿ ಇರುವ ಗೂಡಿನ ಹಿಂದೆ ಅಂಥ ಕಥೆ ಉಂಟು. ಹೊಗೆ ಹಾಕಿ ಸುಡುವ ಮೊದಲು ಇದನ್ನೊಮ್ಮೆ ನೆನಪು ಮಾಡಿಕೊಳ್ಳಿ.

ಹೆಗ್ಗಣಜದಲ್ಲಿ ಎರಡು ಜಾತಿ ಬದಲಾಗಿ ಹೋಗುತ್ತವೆ. ಎರಡಕ್ಕೂ ಕಪ್ಪು ಹೊಟ್ಟೆ, ಮುಂಭಾಗದಲ್ಲಿ ಕಿತ್ತಳೆ ಪಟ್ಟಿ. ಮೇಲಿಂದ ತೆಗೆದ ಫೋಟೋದಲ್ಲಿ ಹೊಟ್ಟೆಯ ಮೊದಲ ಎರಡು ತುಂಡೂ ಹಳದಿ ಕಿತ್ತಳೆ ಇದ್ದರೆ ವೆಸ್ಪ ಅಫಿನಿಸ್ ಕಡೆ, ಬಣ್ಣ ಮುಖ್ಯವಾಗಿ ಎರಡನೇ ತುಂಡಿನಲ್ಲಿ ಮಾತ್ರ ಇದ್ದರೆ ವೆಸ್ಪ ಟ್ರೊಪಿಕ ಕಡೆ. ಪಕ್ಕದ ಫೋಟೋ ಮಾತ್ರ ಇದ್ದರೆ "ಹೆಗ್ಗಣಜ" ಎಂದಷ್ಟೇ ಬರೆಯಿರಿ.

ಈಗ ಮಣ್ಣಿನ ಗೂಡು. ಬಾಗಿಲಿನ ದಾರಂದದಲ್ಲಿ, ಗೋಡೆಯಲ್ಲಿ ಮಣ್ಣಿನ ಉಂಡೆ ಕಂಡರೆ ಅದು ಯಾರ ಗೂಡು? ದಾರದಷ್ಟು ಸಪೂರ ಉದ್ದ ಸೊಂಟ, ಕಪ್ಪು ಹಳದಿ ಕಾಲು, ರೆಕ್ಕೆ ಮಡಚಿಲ್ಲ ಎಂದಾದರೆ ಮಣ್ಣುಮೆತ್ತುವ ಕಣಜ, ಸೆಲಿಫ್ರಾನ್. ರೆಕ್ಕೆ ಮಡಚಿದ್ದು, ಗೂಡು ಪುಟ್ಟ ಚೆಂಬಿನಂತೆ ಕುತ್ತಿಗೆ ಇರುವಂಥದ್ದಾದರೆ ಮಡಕೆ ಕಣಜ. ಹಳೆಯ ಗೂಡು ಉದುರಿ ಬಿದ್ದಾಗ ಒಳಗೆ ನೋಡಿ. ಜೇಡಗಳಿದ್ದರೆ ಮೊದಲನೆಯದು, ಹಸಿರು ಹುಳಗಳಿದ್ದರೆ ಎರಡನೆಯದು. ನಾನು ಒಮ್ಮೆ ಬಿದ್ದ ಗೂಡೊಂದರ ಕೋಣೆ ಬಿಡಿಸಿದೆ. ಹದಿಮೂರು ಜೇಡ. ಸತ್ತಿರಲಿಲ್ಲ, ಕಡ್ಡಿಯಲ್ಲಿ ಮುಟ್ಟಿದರೆ ಒಂದರ ಕಾಲು ಮೆಲ್ಲಗೆ ಅಲುಗಿತು. ತಾಯಿ ಕುಟ್ಟಿ ಮರಗಟ್ಟಿಸಿ ಇಟ್ಟದ್ದು, ಮರಿಗೆ ತಾಜಾ ಊಟ ಸಿಗಲಿ ಎಂದು. ಕೀಟವನ್ನು ಗೂಡಲ್ಲಿಟ್ಟು ಭ್ರಮರ ಝೇಂಕರಿಸಿದರೆ ಕೀಟವೇ ಭ್ರಮರವಾಗುತ್ತದೆ ಎನ್ನುವ ಭ್ರಮರ ಕೀಟ ನ್ಯಾಯ ಕೇಳಿದ್ದೀರಲ್ವಾ? ಹಿರಿಯರು ಕಂಡದ್ದು ಇದನ್ನೇ. ಹುಳ ಒಳಗೆ ಹೋಯಿತು, ಕಣಜ ಹೊರಗೆ ಬಂತು. ನಡುವೆ ಇದ್ದ ಮೊಟ್ಟೆ ಮಾತ್ರ ಅವರ ಕಣ್ಣಿಗೆ ಬೀಳಲಿಲ್ಲ.

ಹೊಳೆಯುವ ಹಸಿರು, ನೀಲಿ ಕಣಜಗಳಲ್ಲಿ ಬಣ್ಣದ ಮೋಸ ಅತಿ ಜಾಸ್ತಿ. ಕಳೆದ ವರ್ಷ ನಮ್ಮ ಬಚ್ಚಲುಮನೆಯ ಹತ್ತಿರ ಒಂದು ಹಸಿರು ಕಣಜ ಜಿರಳೆಯ ಕುಡಿಮೀಸೆ ಹಿಡಿದು, ದನವನ್ನು ಹಗ್ಗ ಹಿಡಿದು ಕರೆದೊಯ್ದಂತೆ ನಡೆಸಿಕೊಂಡು ಹೋಗುತ್ತಿತ್ತು. ಜಿರಳೆ ತಾನಾಗಿ ನಡೆಯುತ್ತಿತ್ತು, ಓಡಲು ನೋಡಲೇ ಇಲ್ಲ. ಅದು ಆಂಪ್ಯುಲೆಕ್ಸ್. ಗುರುತು: ಹಸಿರು ಮೈ, ನಡುವಿನ ಮತ್ತು ಹಿಂದಿನ ಕಾಲಿನ ತೊಡೆ ಕೆಂಪು. ತೊಡೆ ಕೆಂಪಿಲ್ಲದೆ, ಇನ್ನೂ ದೊಡ್ಡದಿದ್ದು ಮಿಡತೆಜಾತಿಯ ಚಿಮ್ಮಂಡೆಯನ್ನು ಎಳೆದೊಯ್ದರೆ ಕ್ಲೋರಿಯಾನ್. ಒಂದು ಸೆಂಟಿಮೀಟರ್ ಆಸುಪಾಸಿನದು, ಮೈತುಂಬ ಗುಳಿ, ಹೆದರಿದರೆ ಉಂಡೆ ಸುತ್ತಿಕೊಳ್ಳುವುದಾದರೆ ಕೋಗಿಲೆ ಕಣಜ. ಇಷ್ಟೇ ಹಸಿರಿನ ಪುಟ್ಟ ಜೇನೂ ಉಂಟು. ಹೂಪುಡಿ ಕಂಡರೆ ಜೇನು.

ಅಡಕೆ ತೋಟದ ನೆಲದ ಮೇಲೆ ತಗ್ಗಿನಲ್ಲಿ ಹಾರುವ, ಕೂದಲು ತುಂಬಿದ ದಪ್ಪ ಕಪ್ಪು ಕಣಜ ಕಂಡರೆ ಓಡಿಸಬೇಡಿ. ಸ್ಕೋಲಿಯ ಮನೆತನದ್ದು. ಮಣ್ಣು ಅಗೆದು ದುಂಬಿಗಳ ಗೊಣ್ಣೆಹುಳ ಹುಡುಕಿ ಅದರ ಮೇಲೆ ಮೊಟ್ಟೆ ಇಡುತ್ತದೆ. ಬೇರುಹುಳದಿಂದ ಕಷ್ಟಪಡುವ ನಮ್ಮ ತೋಟಗಳಿಗೆ ಇದು ಬೇಕಾದ ಜೀವ.

ಇನ್ನೂ ಸಣ್ಣವು ಇವೆ. ತೆಂಗಿನ ಕಪ್ಪುತಲೆ ಹುಳವನ್ನು ಹಿಡಿಯುವ ಗೋನಿಯೋಜಸ್ ಇರುವೆಯಷ್ಟೇ, ಕಪ್ಪು. 1916ರಲ್ಲಿ ತೆಂಗು ಸಂಶೋಧನಾ ಕೇಂದ್ರವಾಗಿ ಶುರುವಾದ ಕಾಸರಗೋಡಿನ ಸಿಪಿಸಿಆರ್‌ಐ (ಕೇಂದ್ರೀಯ ತೋಟ ಬೆಳೆಗಳ ಸಂಶೋಧನಾ ಸಂಸ್ಥೆ) ಇಂಥ ಪರಾವಲಂಬಿ ಕಣಜಗಳನ್ನು ಬೆಳೆಸಿ ಬಿಡುವ ಕೆಲಸ ಮಾಡಿದೆ. ಮೊಬೈಲ್ ಫೋಟೋದಲ್ಲಿ ಇವಕ್ಕೆ ಹೆಸರು ಹೇಳಲು ಹೋಗಬೇಡಿ. ಉದ್ದ ಕುಡಿಮೀಸೆಯ ಪರಾವಲಂಬಿ ಕಣಜ ಎಂದಾದರೆ ಒಂದು ಸೂಚನೆ ಸಿಗುತ್ತದೆ. ಕುಟ್ಟುವ ಕಣಜ, ಜೇನುಗಳಲ್ಲಿ ಕುಡಿಮೀಸೆಯ ತುಂಡು ಹೆಣ್ಣಿಗೆ 12, ಗಂಡಿಗೆ 13 ಇರುವುದು ವಾಡಿಕೆ. ಎಣಿಸುವಾಗ ಅದಕ್ಕಿಂತ ತುಂಬ ಜಾಸ್ತಿ ಬಂದರೆ ಇಕ್ನ್ಯುಮನ್ ಎಂಬ ಪರಾವಲಂಬಿ ಕಣಜಗಳ ಕಡೆಯವು.

ಎಲ್ಲಿ ನಿಲ್ಲಿಸಬೇಕು

ಫೋಟೋ ಎಷ್ಟು ತೋರಿಸುತ್ತದೋ ಅಷ್ಟೇ ಹೇಳಿ. ಆಪ್ ಕೊಟ್ಟ ಹೆಸರನ್ನು ಸುಳಿವು ಎಂದು ತಗೊಳ್ಳಿ, ತೀರ್ಪು ಎಂದಲ್ಲ. ಆ ಜಾತಿ ನಮ್ಮ ದೇಶದಲ್ಲಿ ಉಂಟಾ ಎಂದು ನಕಾಶೆಯಲ್ಲಿ ನೋಡಿ. "ಮಡಕೆ ಕಣಜ, ಜಾತಿ ತಿಳಿಯದು" ಎಂದು ಬರೆದ ಫೋಟೋ ಸುಳ್ಳು ಹೆಸರಿನ ಫೋಟೋಕ್ಕಿಂತ ಎಷ್ಟೋ ಮೇಲು. ನಾಳೆ ತಿಳಿದವರು ಅದನ್ನು ಮುಂದಕ್ಕೆ ಒಯ್ಯುತ್ತಾರೆ.

ಜಾಗ, ತಾರೀಕು, ಗಿಡ ಬರೆದಿಡಲೇಬೇಕು ಎಂದು ನಾನು ಹಟ ಹಿಡಿಯಲು ಕಾರಣ ಇದೆ. ನಮ್ಮ ಗುಡ್ಡಗಳ ಗೇರುತೋಟದ ಮೇಲೆ ಎರಡು ದಶಕಕ್ಕೂ ಹೆಚ್ಚು ಕಾಲ ಆಕಾಶದಿಂದ ಎಂಡೋಸಲ್ಫಾನ್ ಕೀಟನಾಶಕ ಬಿತ್ತು. ನಿಂತದ್ದು 2000ದ ಕೊನೆಗೆ. ಆ ವಿಷ ಬೀಳುವ ಮೊದಲು ನಮ್ಮ ಅಂಗಳದಲ್ಲಿ ಯಾವ ಕಣಜ ಇತ್ತು, ಯಾವುದು ಆಮೇಲೆ ಬರಲೇ ಇಲ್ಲ ಎಂದು ಕೇಳಿದರೆ ನಮ್ಮ ಮನೆಯಲ್ಲಿ ಯಾರಿಗೂ ಹೇಳಲಾಗುವುದಿಲ್ಲ. ಯಾರೂ ಬರೆದಿಟ್ಟಿರಲಿಲ್ಲ.

ಪ್ರತಿ ಫೋಟೋದ ಜೊತೆ ತಾರೀಕು ಸೇರಿಸಿ ಇಷ್ಟು ಬರೆದರೆ ಸಾಕು. ಅಪ್ಪಚ್ಚಿ ಮೊನ್ನೆ ಕಳಿಸಿದ್ದು ಹೀಗಿತ್ತು: "ಪೆರ್ಲ, ಬಾವಿಕಟ್ಟೆ ಹತ್ತಿರ, ಬೆಳಗ್ಗೆ 6.50. ತುಳಸಿ ಹೂವಿನಲ್ಲಿ. ಒಂದು ರೂಪಾಯಿ ನಾಣ್ಯದ ಅರ್ಧದಷ್ಟು ಉದ್ದ. ರೆಕ್ಕೆ ನಾಲ್ಕು, ಸೊಂಟ ಉಂಟು, ಪುಡಿ ಹಿಂಗಾಲಿನ ಕೂದಲಿನಲ್ಲಿ, ಒಣದು. ಪಟ್ಟೆ ನೀಲಿ. ಪಕ್ಕದ ಫೋಟೋ ಎರಡು, ಮೇಲಿನದು ಒಂದು, ಮುಖದ್ದು ಸಿಗಲಿಲ್ಲ."